ಆಪರೇಷನ್ ಆಯಿತು, ಮುಂದೇನು? ವೃಷಣ ಕ್ಯಾನ್ಸರ್‌ನ ಮೊದಲ ಹಂತದವರ ಮುಂದಿರುವ ದಾರಿಗಳು

ಆಪರೇಷನ್ ಆಗಿ ಎರಡು ಮೂರು ವಾರ ಕಳೆದಿರುತ್ತದೆ. ಹೊಲಿಗೆಯ ನೋವು ಇಳಿದಿರುತ್ತದೆ. ಬಯಾಪ್ಸಿ ರಿಪೋರ್ಟ್ ಹಿಡಿದು ಡಾಕ್ಟರ ಮುಂದೆ ಕೂತರೆ ಅವರು ಮೊದಲು ಒಳ್ಳೆಯ ಸುದ್ದಿ ಹೇಳುತ್ತಾರೆ: ಕ್ಯಾನ್ಸರ್ ವೃಷಣದೊಳಗೇ ಇತ್ತು, ಪೂರ್ತಿ ತೆಗೆದಾಗಿದೆ, ಸ್ಕ್ಯಾನ್‌ನಲ್ಲಿ ಬೇರೆಲ್ಲೂ ಏನೂ ಕಾಣುತ್ತಿಲ್ಲ. ಆಮೇಲೆ ಒಂದು ಪ್ರಶ್ನೆ ಬರುತ್ತದೆ. "ಇನ್ನು ಚೆಕಪ್ ಮಾಡಿಸಿಕೊಂಡು ಇರಬಹುದು. ಇಲ್ಲವಾದರೆ ಮುಂಜಾಗ್ರತೆಗೆ ಒಂದು ಕೀಮೋ ತಗೋಬಹುದು. ನೀವು ಏನಂತೀರಿ?"

ಬಹಳ ಜನ ತಬ್ಬಿಬ್ಬಾಗುವುದು ಇಲ್ಲೇ. ಕ್ಯಾನ್ಸರ್ ವಿಷಯ. ಡಾಕ್ಟರೇ ಹೇಳಬೇಕಲ್ವಾ? ನಮ್ಮನ್ನು ಯಾಕೆ ಕೇಳುತ್ತಿದ್ದಾರೆ? ಅವರಿಗೇ ಗೊತ್ತಿಲ್ವಾ?

ಗೊತ್ತಿದೆ. ಗೊತ್ತಿರುವುದರಿಂದಲೇ ಕೇಳುತ್ತಾರೆ. ಮೊದಲ ಹಂತದ ವೃಷಣ ಕ್ಯಾನ್ಸರ್‌ನಲ್ಲಿ ಸರಿಯಾಗಿ ನಡೆಸಿದರೆ ಯಾವ ದಾರಿ ಹಿಡಿದರೂ ಬದುಕುಳಿಯುವವರ ಸಂಖ್ಯೆ ಹೆಚ್ಚುಕಡಿಮೆ ಒಂದೇ, 100ರಲ್ಲಿ ಸುಮಾರು 99 ಜನ. ವ್ಯತ್ಯಾಸ ಇರುವುದು ಯಾರಿಗೆ ಚಿಕಿತ್ಸೆ ಬೀಳುತ್ತದೆ, ಯಾವಾಗ ಬೀಳುತ್ತದೆ, ಎಷ್ಟು ಬೀಳುತ್ತದೆ ಅನ್ನುವುದರಲ್ಲಿ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಭಯ ಹೋಗುತ್ತದೆ. ಅದು ಹೇಗೆ ನಿಜ ಅನ್ನುವುದನ್ನು ಬುಡದಿಂದ ನೋಡೋಣ.

ಮೊದಲ ಹಂತ ಅಂದರೆ ಏನು?

ವೃಷಣದಲ್ಲಿ ಗೆಡ್ಡೆ ಇದೆ ಎಂದು ಅನುಮಾನ ಬಂದರೆ ಸಾಮಾನ್ಯವಾಗಿ ಆ ಇಡೀ ವೃಷಣವನ್ನೇ ತೆಗೆಯುತ್ತಾರೆ. ಕೊಯ್ಯುವುದು ಚೀಲದ ಮೇಲಲ್ಲ, ತೊಡೆಸಂದಿಯ ಮೇಲುಗಡೆ. ಅಲ್ಲಿಂದ ವೃಷಣವನ್ನೂ ಅದಕ್ಕೆ ಜೋತುಬಿದ್ದ ನಾಳವನ್ನೂ ಒಟ್ಟಿಗೆ ಎಳೆದು ತೆಗೆಯುತ್ತಾರೆ. "ಕೆಳಗಿರುವುದನ್ನು ತೆಗೆಯಲು ಮೇಲೆ ಯಾಕೆ ಕೊಯ್ದರು?" ಎಂದು ಎಷ್ಟೋ ಜನರಿಗೆ ಅನ್ನಿಸಿರುತ್ತದೆ. ಈ ಪ್ರಶ್ನೆಯ ಉತ್ತರದಲ್ಲಿ ಮುಂದಿನ ಕಥೆಯ ಅರ್ಧ ಭಾಗ ಅಡಗಿದೆ.

ಮಗು ತಾಯಿಯ ಹೊಟ್ಟೆಯಲ್ಲಿರುವಾಗ ವೃಷಣಗಳು ಮೂಡುವುದು ಮೂತ್ರಪಿಂಡದ ಹತ್ತಿರ. ಹುಟ್ಟುವ ಹೊತ್ತಿಗೆ ಅವು ಕೆಳಗಿಳಿದು ಚೀಲಕ್ಕೆ ಬರುತ್ತವೆ. ಬರುವಾಗ ತಮ್ಮ ರಕ್ತನಾಳಗಳನ್ನೂ ದುಗ್ಧರಸದ ನಾಳಗಳನ್ನೂ ಹಿಂದೆ ಎಳೆದುಕೊಂಡೇ ಬರುತ್ತವೆ. ದುಗ್ಧರಸ ಅಂದರೆ ಜೀವಕೋಶಗಳ ನಡುವೆ ಸೋರಿದ ನೀರು. ಅದು ಸಣ್ಣ ನಾಳಗಳಲ್ಲಿ ಹರಿದು, ನಡುನಡುವೆ ಇರುವ ದುಗ್ಧರಸ ಗ್ರಂಥಿಗಳಲ್ಲಿ ಸೋಸಿಕೊಂಡು, ಮತ್ತೆ ರಕ್ತಕ್ಕೆ ಸೇರುತ್ತದೆ. ಹಾಗಾಗಿ ವೃಷಣದ ದುಗ್ಧರಸ ಪಕ್ಕದ ತೊಡೆಸಂದಿಗೆ ಹೋಗುವುದಿಲ್ಲ. ನೇರ ಮೇಲಕ್ಕೆ ಹತ್ತಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನುಮೂಳೆಯ ಮುಂದೆ, ದೊಡ್ಡ ರಕ್ತನಾಳಗಳ ಅಕ್ಕಪಕ್ಕದಲ್ಲಿರುವ ಗ್ರಂಥಿಗಳನ್ನು ಸೇರುತ್ತದೆ. ವೃಷಣದಿಂದ ತಪ್ಪಿಸಿಕೊಂಡ ಕ್ಯಾನ್ಸರ್ ಕೋಶಗಳು ಮೊದಲು ಹೋಗಿ ಕೂರುವುದೂ ಸಾಮಾನ್ಯವಾಗಿ ಅಲ್ಲೇ. ಚೀಲದ ಚರ್ಮದ ದುಗ್ಧರಸ ಮಾತ್ರ ತೊಡೆಸಂದಿಗೆ ಹೋಗುತ್ತದೆ. ಚೀಲವನ್ನು ಕೊಯ್ದರೆ ಕ್ಯಾನ್ಸರ್‌ಗೆ ಹೊಸ ದಾರಿ ತೆರೆದಂತಾಗುತ್ತದೆ ಎಂದೇ ಮೇಲಿನಿಂದ ತೆಗೆಯುವುದು.

ಹೊಟ್ಟೆಯ ಈ ಗ್ರಂಥಿಗಳು ಸ್ಕ್ಯಾನ್‌ನಲ್ಲಿ ದಪ್ಪಗಾಗಿಲ್ಲ, ಎದೆಯ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಶುದ್ಧವಾಗಿದೆ, ರಕ್ತ ಪರೀಕ್ಷೆಯೂ ಸರಿಯಾಗಿದೆ ಅಂದರೆ ಅದು ಮೊದಲ ಹಂತ.

ರಕ್ತ ಪರೀಕ್ಷೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೆಲವು ವೃಷಣ ಗೆಡ್ಡೆಗಳು ರಕ್ತಕ್ಕೆ ಗುರುತಿನ ವಸ್ತುಗಳನ್ನು ಬಿಡುತ್ತವೆ. ಇವುಗಳಿಗೆ ಟ್ಯೂಮರ್ ಮಾರ್ಕರ್ ಎನ್ನುತ್ತಾರೆ. ಇಲ್ಲಿ ನೋಡುವುದು ಮೂರು: ಎಎಫ್‌ಪಿ, ಎಚ್‌ಸಿಜಿ, ಎಲ್‌ಡಿಎಚ್. ಗೆಡ್ಡೆ ತೆಗೆದ ತಕ್ಷಣ ಇವು ಸೊನ್ನೆಗೆ ಇಳಿಯುವುದಿಲ್ಲ. ಎಚ್‌ಸಿಜಿ ಒಂದು ಒಂದೂವರೆ ದಿನಕ್ಕೊಮ್ಮೆ ಅರ್ಧದಷ್ಟಾಗುತ್ತದೆ. ಎಎಫ್‌ಪಿ ಅರ್ಧವಾಗಲು 5ರಿಂದ 7 ದಿನ ಬೇಕು. ಆಪರೇಷನ್‌ಗೆ ಮೊದಲು ಎಎಫ್‌ಪಿ ತುಂಬಾ ಏರಿದ್ದರೆ ಸಾಮಾನ್ಯ ಮಟ್ಟಕ್ಕೆ ಬರಲು ಹಲವು ವಾರ ಹಿಡಿಯಬಹುದು. ಆದ್ದರಿಂದ ಒಂದು ವಾರದ ನಂತರದ ರಿಪೋರ್ಟ್‌ನಲ್ಲಿ ಅಂಕಿ ಜಾಸ್ತಿ ಕಂಡಿತು ಎಂದು ಎದೆಗುಂದಬೇಕಿಲ್ಲ. ಅದು ಇಳಿಯಬೇಕಾದ ವೇಗದಲ್ಲಿ ಇಳಿಯುತ್ತಿದೆಯಾ ಅನ್ನುವುದನ್ನು ನೋಡಬೇಕು. ಇಳಿಯದೆ ನಿಂತರೆ, ಅಥವಾ ಏರುತ್ತಾ ಹೋದರೆ, ಸ್ಕ್ಯಾನ್ ಶುದ್ಧವಿದ್ದರೂ ಎಲ್ಲೋ ಕ್ಯಾನ್ಸರ್ ಉಳಿದಿದೆ ಎಂದೇ ಅರ್ಥ. ಆಗ ಪೂರ್ತಿ ಕೀಮೋ ಬೇಕಾಗುತ್ತದೆ, ಅದು ಈ ಲೇಖನದ ವ್ಯಾಪ್ತಿಯ ಆಚೆಯ ಮಾತು.

ಗೆಡ್ಡೆಯ ಎರಡು ಬಗೆ

ರಿಪೋರ್ಟ್‌ನಲ್ಲಿ ಮೊದಲು ಹುಡುಕಬೇಕಾದ ಪದ ಸೆಮಿನೋಮಾ. ವೃಷಣದ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ವೀರ್ಯಾಣುಗಳ ಮೂಲ ಕೋಶಗಳಿಂದ ಹುಟ್ಟುತ್ತವೆ. ಅವುಗಳಲ್ಲಿ ಎರಡು ಗುಂಪು. ಬರೀ ಸೆಮಿನೋಮಾ ಇದ್ದರೆ ಒಂದು ಗುಂಪು. ಉಳಿದದ್ದೆಲ್ಲ ನಾನ್‌ಸೆಮಿನೋಮಾ.

ಸೆಮಿನೋಮಾ ನಿಧಾನಿ. ರೇಡಿಯೇಷನ್‌ಗೂ ಕೀಮೋಗೂ ಬೇಗ ಕರಗುತ್ತದೆ. ನಾನ್‌ಸೆಮಿನೋಮಾ ಸ್ವಲ್ಪ ಆತುರದ್ದು. ಅದರಲ್ಲಿ ಎಂಬ್ರಿಯೋನಲ್ ಕಾರ್ಸಿನೋಮಾ, ಯೋಕ್ ಸ್ಯಾಕ್ ಟ್ಯೂಮರ್, ಕೋರಿಯೋಕಾರ್ಸಿನೋಮಾ, ಟೆರಟೋಮಾ ಎಂಬ ಬಗೆಗಳು ಒಂದರಲ್ಲೊಂದು ಬೆರೆತಿರಬಹುದು. ಜೊತೆಗೆ ಸೆಮಿನೋಮಾವೂ ಇರಬಹುದು. ಆದರೂ ಬೇರೆ ಬಗೆ ಒಂದಿಷ್ಟೇ ಬೆರೆತಿದ್ದರೂ ಚಿಕಿತ್ಸೆಯ ಲೆಕ್ಕಕ್ಕೆ ಅದು ನಾನ್‌ಸೆಮಿನೋಮಾ. ಇನ್ನೊಂದು ಸುಳಿವು ಇದೆ. ಅಪ್ಪಟ ಸೆಮಿನೋಮಾ ಎಎಫ್‌ಪಿಯನ್ನು ಏರಿಸುವುದಿಲ್ಲ. ರಿಪೋರ್ಟ್ ಸೆಮಿನೋಮಾ ಎಂದು ಹೇಳಿ, ಎಎಫ್‌ಪಿ ಸ್ಪಷ್ಟವಾಗಿ ಏರಿದ್ದರೆ, ಲಿವರ್ ತೊಂದರೆಯಂಥ ಬೇರೆ ಕಾರಣ ಇಲ್ಲದಿದ್ದರೆ, ಡಾಕ್ಟರುಗಳು ಅದನ್ನು ನಾನ್‌ಸೆಮಿನೋಮಾ ಎಂದೇ ನೋಡುತ್ತಾರೆ.

ಎರಡಕ್ಕೂ ಮುಂದಿನ ದಾರಿಗಳು ಬೇರೆ. ಹಾಗಾಗಿ ಇನ್ನೊಬ್ಬರ ಅನುಭವ ಕೇಳುವಾಗ "ನಿಮ್ಮದು ಯಾವ ಬಗೆ?" ಎಂದು ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ಗೆಡ್ಡೆ ಹೋಯಿತಲ್ಲ, ಮತ್ಯಾಕೆ ಚಿಕಿತ್ಸೆಯ ಮಾತು?

ಹಿತ್ತಲಿನಲ್ಲಿ ಒಂದು ದೊಡ್ಡ ಕಳೆ ಗಿಡ ಬೆಳೆದಿತ್ತು ಅಂದುಕೊಳ್ಳಿ. ಬೇರು ಸಮೇತ ಕಿತ್ತಿದ್ದೀರಿ. ಮಣ್ಣು ಈಗ ಖಾಲಿ ಕಾಣುತ್ತದೆ. ಕೀಳುವ ಮೊದಲೇ ಅದರ ಬೀಜ ಉದುರಿತ್ತಾ? ಕಣ್ಣಿಗೆ ಕಾಣುವುದಿಲ್ಲ. ಮೊಳಕೆ ಬಂದಾಗಲೇ ಗೊತ್ತಾಗುವುದು.

ಸ್ಕ್ಯಾನ್‌ಗೂ ಇದೇ ಮಿತಿ. ಕೆಲವು ಮಿಲಿಮೀಟರಿಗಿಂತ ಸಣ್ಣ ಕೋಶಗಳ ಗುಂಪು ಅದಕ್ಕೆ ಕಾಣಿಸದು. ಮೊದಲ ಹಂತ ಎಂದು ಹೇಳಿಸಿಕೊಂಡ ಎಲ್ಲರಲ್ಲೂ ಕ್ಯಾನ್ಸರ್ ನಿಜವಾಗಿ ಮುಗಿದಿರುವುದಿಲ್ಲ. ಕೆಲವರಲ್ಲಿ ಹೊಟ್ಟೆಯ ಗ್ರಂಥಿಗಳಲ್ಲಿ, ಅಪರೂಪಕ್ಕೆ ಶ್ವಾಸಕೋಶದಲ್ಲಿ, ಕಾಣದಷ್ಟು ಸಣ್ಣ ಕೋಶಗಳು ಉಳಿದಿರುತ್ತವೆ.

ಎಷ್ಟು ಜನರಲ್ಲಿ? ಆಪರೇಷನ್ ಮಾತ್ರ ಮಾಡಿಸಿ, ಬೇರೇನೂ ಚಿಕಿತ್ಸೆ ಪಡೆಯದ 100 ಸೆಮಿನೋಮಾ ರೋಗಿಗಳಲ್ಲಿ ಸುಮಾರು 15ರಿಂದ 20 ಜನರಿಗೆ ಕ್ಯಾನ್ಸರ್ ಮರುಕಳಿಸುತ್ತದೆ. ಉಳಿದ 80 ಚಿಲ್ಲರೆ ಜನರಿಗೆ ಆಪರೇಷನ್ನೇ ಕೊನೆಯ ಚಿಕಿತ್ಸೆ. ನಾನ್‌ಸೆಮಿನೋಮಾದಲ್ಲಿ ಒಟ್ಟಾರೆ 100ಕ್ಕೆ ಸುಮಾರು 30.

ತೊಂದರೆ ಏನೆಂದರೆ ಆ 15 ಜನ ಯಾರು, ಈ 85 ಜನ ಯಾರು ಎಂದು ಮೊದಲೇ ಬೊಟ್ಟು ಮಾಡಿ ತೋರಿಸುವ ಪರೀಕ್ಷೆ ಇಲ್ಲ. ಅದಕ್ಕೇ ಎರಡು ದಾರಿ. ಮೊಳಕೆ ಬರುತ್ತದಾ ಎಂದು ಕಣ್ಣಿಟ್ಟು ಕಾದು, ಬಂದರೆ ಆಗ ಕೀಳುವುದು ಒಂದು. ಇಡೀ ಹಿತ್ತಲಿಗೆ ಈಗಲೇ ಔಷಧಿ ಹೊಡೆಯುವುದು ಇನ್ನೊಂದು.

ಕಾದರೆ ಅಪಾಯ ಅಲ್ವಾ?

ಎಲ್ಲರೂ ಕೇಳುವ ಪ್ರಶ್ನೆ ಇದೇ, ಮತ್ತು ಕೇಳಲೇಬೇಕಾದ ಪ್ರಶ್ನೆ. ಬೇರೆ ಎಷ್ಟೋ ಕ್ಯಾನ್ಸರ್‌ಗಳಲ್ಲಿ ಮರುಕಳಿಸಿತು ಅಂದರೆ ಗುಣವಾಗುವ ಆಸೆ ಬಹಳ ಕುಗ್ಗುತ್ತದೆ. ಅಲ್ಲಿ ಈಗಲೇ ಬಲವಾಗಿ ಹೊಡೆಯಬೇಕು ಅನ್ನುವುದು ಸರಿ. ನಮ್ಮ ಮನಸ್ಸಿನಲ್ಲಿ ಕೂತಿರುವುದೂ ಅದೇ ಚಿತ್ರ. ವೃಷಣ ಕ್ಯಾನ್ಸರ್ ಆ ಸಾಲಿಗೆ ಸೇರುವುದಿಲ್ಲ.

ಅದಕ್ಕೆ ಕಾರಣ ಸಿಸ್‌ಪ್ಲಾಟಿನ್ ಎಂಬ ಔಷಧಿ. ಬಾರ್ನೆಟ್ ರೋಸೆನ್‌ಬರ್ಗ್ ಎಂಬ ಅಮೆರಿಕದ ವಿಜ್ಞಾನಿ ಬ್ಯಾಕ್ಟೀರಿಯಾಗಳ ಮೇಲೆ ವಿದ್ಯುತ್ತಿನ ಪರಿಣಾಮ ನೋಡುತ್ತಿದ್ದಾಗ ಅವು ಒಡೆದು ಎರಡಾಗುವುದು ನಿಂತುಹೋಯಿತು. ಕಾರಣ ಹುಡುಕಿದರೆ ವಿದ್ಯುತ್ತಲ್ಲ, ತಂತಿಯ ತುದಿಯ ಪ್ಲಾಟಿನಂ ಲೋಹದಿಂದ ಹುಟ್ಟಿದ ಸಂಯುಕ್ತ. ಅದು 1965ರ ಮಾತು. ಕೋಶ ಒಡೆಯುವುದನ್ನು ತಡೆಯುವ ವಸ್ತು ಕ್ಯಾನ್ಸರ್‌ಗೂ ಕೆಲಸ ಮಾಡಬಹುದಲ್ಲ ಎಂಬ ಯೋಚನೆ ಅಲ್ಲಿಂದ ಬೆಳೆಯಿತು. 1974ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಡಾಕ್ಟರ್ ಲಾರೆನ್ಸ್ ಐನ್‌ಹಾರ್ನ್ ಇದನ್ನು ಬೇರೆರಡು ಔಷಧಿಗಳ ಜೊತೆ ಸೇರಿಸಿ, ದೇಹದಲ್ಲೆಲ್ಲ ಹರಡಿದ್ದ ವೃಷಣ ಕ್ಯಾನ್ಸರ್‌ನ ರೋಗಿಗಳಿಗೆ ಕೊಟ್ಟರು. ಅದಕ್ಕೆ ಮೊದಲು ಆ ಸ್ಥಿತಿಯಲ್ಲಿ ಹತ್ತರಲ್ಲಿ ಒಬ್ಬರು ಬದುಕಿದರೆ ಹೆಚ್ಚಾಗಿತ್ತು. ಆಮೇಲೆ ಹೆಚ್ಚಿನವರು ಗುಣವಾಗತೊಡಗಿದರು.

ಮೊದಲ ಹಂತದವರಿಗೆ ಇದರಿಂದ ಏನು ಸಿಕ್ಕಿತು ಎಂದು ಯೋಚಿಸಿ. ಕ್ಯಾನ್ಸರ್ ಮರಳಿದರೂ, ನಿಯಮಿತ ಚೆಕಪ್‌ನಲ್ಲಿ ಅದು ಸಣ್ಣದಿರುವಾಗಲೇ ಸಿಕ್ಕಿಬಿದ್ದರೆ, ಹತ್ತಿರ ಹತ್ತಿರ ಎಲ್ಲರನ್ನೂ ಗುಣಪಡಿಸುವ ಚಿಕಿತ್ಸೆ ಕೈಯಲ್ಲಿದೆ. ಕಾಯುವುದಕ್ಕೆ ಧೈರ್ಯ ಕೊಟ್ಟಿದ್ದೇ ಆ ಔಷಧಿ.

ಕಣ್ಗಾವಲು

ಈ ದಾರಿಯಲ್ಲಿ ಔಷಧಿ ಇಲ್ಲ, ರೇಡಿಯೇಷನ್ ಇಲ್ಲ. ಹಾಗೆಂದು ಸುಮ್ನೆ ಬಿಟ್ಟುಬಿಡುವುದೂ ಅಲ್ಲ. ಗೊತ್ತುಪಡಿಸಿದ ದಿನಕ್ಕೆ ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್, ಎದೆಯ ಚಿತ್ರ, ಡಾಕ್ಟರಿಂದ ಮೈ ಪರೀಕ್ಷೆ. ಅದಕ್ಕೇ ಕಣ್ಗಾವಲು ಎಂಬ ಪದ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಕಾವಲಿನವನು ನಿದ್ದೆ ಮಾಡುವಂತಿಲ್ಲ.

ಮೊದಲ ವರ್ಷ ಭೇಟಿಗಳು ಒತ್ತೊತ್ತಾಗಿರುತ್ತವೆ. ನಾನ್‌ಸೆಮಿನೋಮಾದಲ್ಲಿ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ರಕ್ತ ಪರೀಕ್ಷೆ ಇರಬಹುದು, ಏಕೆಂದರೆ ಅದು ಮರಳುವುದಿದ್ದರೆ ಬೇಗ ಮರಳುತ್ತದೆ. ಮರುಕಳಿಸುವವರಲ್ಲಿ ಹತ್ತಕ್ಕೆ ಒಂಬತ್ತು ಜನರಿಗೆ ಅದು ಮೊದಲ ಎರಡು ವರ್ಷದೊಳಗೇ. ಸೆಮಿನೋಮಾ ನಿಧಾನಿ ಅಂದೆನಲ್ಲ, ಅದು ಮೂರನೇ ವರ್ಷ, ಕೆಲವೊಮ್ಮೆ ಅದಕ್ಕೂ ಆಮೇಲೆ ತಲೆ ಎತ್ತಬಹುದು. ಜೊತೆಗೆ ಅದು ಮಾರ್ಕರ್‌ಗಳಲ್ಲಿ ಸರಿಯಾಗಿ ಕಾಣಿಸಿಕೊಳ್ಳುವುದಿಲ್ಲ, ಹಾಗಾಗಿ ಅಲ್ಲಿ ಸ್ಕ್ಯಾನ್ ಮೇಲೇ ಹೆಚ್ಚು ಭಾರ. ವರ್ಷಗಳು ಕಳೆದಂತೆ ಭೇಟಿಗಳ ನಡುವಿನ ಅಂತರ ಹಿಗ್ಗುತ್ತದೆ. ಸಾಮಾನ್ಯವಾಗಿ ಐದು ವರ್ಷ ಇದು ನಡೆಯುತ್ತದೆ, ಕೆಲವು ಕಡೆ ಇನ್ನೂ ಹೆಚ್ಚು.

ಇಷ್ಟೊಂದು ಸಿಟಿ ಸ್ಕ್ಯಾನ್ ಮಾಡಿಸಿದರೆ ಅದರ ವಿಕಿರಣವೇ ಕೆಡುಕಲ್ವಾ ಎಂಬ ಚಿಂತೆ ನ್ಯಾಯವಾದದ್ದು. ಬ್ರಿಟನ್ನಿನಲ್ಲಿ ಇದನ್ನೇ ಪರೀಕ್ಷಿಸಿದರು. ಟ್ರಿಸ್ಟ್ ಎಂಬ ಆ ಅಧ್ಯಯನದಲ್ಲಿ ಮೊದಲ ಹಂತದ ಸೆಮಿನೋಮಾದ 669 ಗಂಡಸರಿದ್ದರು. ಕೆಲವರಿಗೆ ಏಳು ಸ್ಕ್ಯಾನ್, ಕೆಲವರಿಗೆ ಮೂರೇ. ಕೆಲವರಿಗೆ ಸಿಟಿ, ಕೆಲವರಿಗೆ ವಿಕಿರಣವಿಲ್ಲದ ಎಂಆರ್‌ಐ. 2022ರಲ್ಲಿ ಫಲಿತಾಂಶ ಬಂತು. ಮೂರೇ ಸ್ಕ್ಯಾನ್ ಮಾಡಿಸಿದರೂ, ಸಿಟಿ ಬದಲು ಎಂಆರ್‌ಐ ಮಾಡಿಸಿದರೂ, ಕ್ಯಾನ್ಸರ್ ತಡವಾಗಿ ಸಿಗುವ ಪ್ರಮಾಣ ಅರ್ಥವಾಗುವಷ್ಟು ಹೆಚ್ಚಲಿಲ್ಲ. ಯಾವ ಗುಂಪಿನಲ್ಲೂ ಈ ಕ್ಯಾನ್ಸರ್‌ನಿಂದ ಯಾರೂ ಸಾಯಲಿಲ್ಲ. ನಿಮಗೆ ಎಷ್ಟು ಸ್ಕ್ಯಾನ್ ಎಂದು ನಿಗದಿಯಾಗುವ ಮೊದಲು "ಎಂಆರ್‌ಐ ಆಗುತ್ತದಾ, ಕಡಿಮೆ ಸಲ ಸಾಕಾ?" ಎಂದು ಕೇಳಲು ಇದು ಗಟ್ಟಿ ಆಧಾರ.

ಈ ದಾರಿಯ ಬೆಲೆ ಮನಸ್ಸು ತೆರಬೇಕು. ಸ್ಕ್ಯಾನ್ ದಿನ ಹತ್ತಿರ ಬಂದಂತೆ ನಿದ್ದೆ ಹಾರುತ್ತದೆ. ಸಣ್ಣ ಬೆನ್ನುನೋವು ಬಂದರೂ ಎದೆ ಧಸಕ್ಕೆನ್ನುತ್ತದೆ. ಮನೆಯವರೂ ಅದೇ ಆತಂಕ ಉಣ್ಣುತ್ತಾರೆ. ದಿನ ಕಳೆದಂತೆ ಹೆಚ್ಚಿನವರಿಗೆ ಇದು ತಗ್ಗುತ್ತದೆ. ಕೆಲವರಿಗೆ ತಗ್ಗುವುದಿಲ್ಲ, ಅದು ಅವರ ದೌರ್ಬಲ್ಯವೂ ಅಲ್ಲ. ಮತ್ತೆ ಒಂದು ಮಾತು: ಮರುಕಳಿಸಿದರೆ ಬೇಕಾಗುವ ಚಿಕಿತ್ಸೆ ಈಗ ಮುಂಜಾಗ್ರತೆಗೆ ಕೊಡುವುದಕ್ಕಿಂತ ಭಾರಿಯದು. ಸಾಮಾನ್ಯವಾಗಿ ಮೂರು ಸುತ್ತಿನ ಕೀಮೋ. ಸೆಮಿನೋಮಾದಲ್ಲಿ ಗ್ರಂಥಿಗಳು ಸಣ್ಣದಿರುವಾಗ ಸಿಕ್ಕರೆ ಕೆಲವೊಮ್ಮೆ ರೇಡಿಯೇಷನ್ ಅಥವಾ ಆಪರೇಷನ್ ಸಾಕಾಗಬಹುದು.

ಮುಂಜಾಗ್ರತೆಯ ಕೀಮೋ

ಸೆಮಿನೋಮಾಕ್ಕೆ ಕೊಡುವುದು ಕಾರ್ಬೋಪ್ಲಾಟಿನ್. ಸಿಸ್‌ಪ್ಲಾಟಿನ್‌ನ ತಮ್ಮ ಅನ್ನಬಹುದು, ಅಷ್ಟು ಒರಟಲ್ಲ. ರಕ್ತನಾಳಕ್ಕೆ ಡ್ರಿಪ್ ಮೂಲಕ ಒಂದು ಸಲ, ಕೆಲವು ಕಡೆ ಮೂರು ವಾರ ಬಿಟ್ಟು ಇನ್ನೊಂದು ಸಲ. ಕೆಲವು ದಿನ ಸುಸ್ತು, ವಾಕರಿಕೆ. ರಕ್ತದ ಪ್ಲೇಟ್‌ಲೆಟ್ ಸ್ವಲ್ಪ ಕಾಲ ಇಳಿಯುತ್ತದೆ. ಇದರಿಂದ ಮರುಕಳಿಸುವ ಸಾಧ್ಯತೆ 100ಕ್ಕೆ 15–20ರಿಂದ ಸುಮಾರು 5ಕ್ಕೆ ಇಳಿಯುತ್ತದೆ. ಸೊನ್ನೆಗೆ ಇಳಿಯುವುದಿಲ್ಲ, ಹಾಗಾಗಿ ಚೆಕಪ್ ಇದ್ದೇ ಇರುತ್ತದೆ. ಕೀಮೋ ತೆಗೆದುಕೊಂಡರೆ ಸ್ಕ್ಯಾನ್‌ಗಳಿಂದ ಮುಕ್ತಿ ಎಂದುಕೊಂಡು ಬಂದವರಿಗೆ ಇಲ್ಲಿ ನಿರಾಸೆಯಾಗುತ್ತದೆ, ಮೊದಲೇ ತಿಳಿದಿರಲಿ.

ನಾನ್‌ಸೆಮಿನೋಮಾಕ್ಕೆ ಬಿಇಪಿ ಎಂಬ ಮೂರು ಔಷಧಿಗಳ ಕೂಟ: ಬ್ಲಿಯೋಮೈಸಿನ್, ಎಟೊಪೊಸೈಡ್, ಸಿಸ್‌ಪ್ಲಾಟಿನ್. ಒಂದು ಸುತ್ತು ಅಂದರೆ ಮೂರು ವಾರ. ಮೊದಲ ಕೆಲವು ದಿನ ಒತ್ತಟ್ಟಿಗೆ ಡ್ರಿಪ್, ಆಮೇಲೆ ವಾರಕ್ಕೊಮ್ಮೆ ಬ್ಲಿಯೋಮೈಸಿನ್. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ಬಿಳಿ ರಕ್ತಕಣ ಇಳಿದಾಗ ಸೋಂಕು ತಗಲುವ ಭಯ ಇರುತ್ತದೆ, ಆ ದಿನಗಳಲ್ಲಿ ಜ್ವರ ಬಂದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಸಿಸ್‌ಪ್ಲಾಟಿನ್ ಕಿವಿಯಲ್ಲಿ ಗುಂಯ್ ಅನ್ನಿಸಬಹುದು, ಬೆರಳ ತುದಿ ಜೋಮು ಹಿಡಿಸಬಹುದು, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಹುದು. ಬ್ಲಿಯೋಮೈಸಿನ್‌ಗೆ ಶ್ವಾಸಕೋಶದ ಮೇಲೆ ಕಣ್ಣು. ಒಂದೇ ಸುತ್ತಿನಲ್ಲಿ ಈ ಕೆಡುಕುಗಳು ಮೂರು ಸುತ್ತಿಗಿಂತ ಕಡಿಮೆ. ಮರುಕಳಿಸುವ ಸಾಧ್ಯತೆ 100ಕ್ಕೆ ಎರಡು ಮೂರಕ್ಕೆ ಇಳಿಯುತ್ತದೆ.

ಈಗ ಒಂದು ಸರಳ ಲೆಕ್ಕ ಮಾಡೋಣ. ಇಡೀ ವಿಷಯ ಇದರಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಅನ್ನಿಸುತ್ತದೆ.

ನಾನ್‌ಸೆಮಿನೋಮಾದ ಗೆಡ್ಡೆ ವೃಷಣದೊಳಗಿನ ಸಣ್ಣ ರಕ್ತನಾಳ ಅಥವಾ ದುಗ್ಧರಸ ನಾಳಕ್ಕೆ ನುಗ್ಗಿಲ್ಲ ಎಂದಾದರೆ ಮರುಕಳಿಸುವುದು 100ಕ್ಕೆ ಸುಮಾರು 15. ನುಗ್ಗಿದ್ದರೆ ಸುಮಾರು 50. ನುಗ್ಗಿಲ್ಲದ 100 ಜನರನ್ನು ಕಣ್ಗಾವಲಿನಲ್ಲಿ ಇಟ್ಟರೆ 15 ಜನರಿಗೆ ತಲಾ ಮೂರು ಸುತ್ತು, ಒಟ್ಟು 45 ಸುತ್ತು ಕೀಮೋ. ಅದೇ ಎಲ್ಲರಿಗೂ ಒಂದೊಂದು ಸುತ್ತು ಮೊದಲೇ ಕೊಟ್ಟರೆ ಒಟ್ಟು 100 ಸುತ್ತು, ಅದರಲ್ಲಿ 85 ಜನ ಬೇಡದಿದ್ದದ್ದನ್ನು ಪಡೆದಂತಾಯಿತು. ಇಲ್ಲಿ ಕಣ್ಗಾವಲಿನ ಕಡೆಗೇ ತಕ್ಕಡಿ ವಾಲುತ್ತದೆ.

ನುಗ್ಗಿರುವ 100 ಜನರನ್ನು ನೋಡಿ. ಕಾದರೆ 50 ಜನರಿಗೆ ಮೂರು ಮೂರು ಸುತ್ತು, ಒಟ್ಟು 150. ಮೊದಲೇ ಕೊಟ್ಟರೆ 100, ಜೊತೆಗೆ ಆಮೇಲೂ ಮರುಕಳಿಸುವ ಎರಡು ಮೂರು ಜನರದ್ದು ಸೇರಿ 110ರ ಒಳಗೆ. ಒಟ್ಟು ಔಷಧಿ ಇಲ್ಲಿ ಕಡಿಮೆಯಾಯಿತು. ಹಾಗಿದ್ದರೂ ಅರ್ಧ ಜನ, ಅಂದರೆ 50 ಜನ, ಅಗತ್ಯವೇ ಇಲ್ಲದೆ ಒಂದು ಸುತ್ತು ಪಡೆದಿರುತ್ತಾರೆ. ನೀವು ಯಾವ 50ರಲ್ಲಿ ಇರುತ್ತೀರಿ ಎಂದು ಯಾರೂ ಹೇಳಲಾರರು. ತಿಳಿದ ಡಾಕ್ಟರುಗಳೂ ಈ ಗುಂಪಿನವರ ವಿಷಯದಲ್ಲಿ ಬೇರೆ ಬೇರೆ ಸಲಹೆ ಕೊಡುವುದು ಇದರಿಂದಲೇ. ಒಬ್ಬರು ಕೀಮೋ ಅಂದು ಇನ್ನೊಬ್ಬರು ಕಾಯೋಣ ಅಂದರೆ ಇಬ್ಬರಲ್ಲಿ ಒಬ್ಬರು ತಪ್ಪು ಎಂದು ತಿಳಿಯಬೇಕಿಲ್ಲ.

ರೇಡಿಯೇಷನ್

ಇದು ಸೆಮಿನೋಮಾಕ್ಕೆ ಮಾತ್ರ. ಬಹಳ ವರ್ಷ ಇದೇ ರೂಢಿಯ ಚಿಕಿತ್ಸೆಯಾಗಿತ್ತು. ಹೊಟ್ಟೆಯ ಹಿಂಭಾಗದ ಗ್ರಂಥಿಗಳ ಮೇಲೆ ಎರಡು ವಾರದಷ್ಟು ಕಾಲ ವಿಕಿರಣ ಕೊಡುತ್ತಾರೆ. 1,477 ರೋಗಿಗಳಿದ್ದ ದೊಡ್ಡ ಅಧ್ಯಯನವೊಂದರಲ್ಲಿ ಒಂದು ಸಲದ ಕಾರ್ಬೋಪ್ಲಾಟಿನ್ ಮತ್ತು ರೇಡಿಯೇಷನ್ ಎರಡನ್ನೂ ಹೋಲಿಸಿದರು. ಐದು ವರ್ಷದಲ್ಲಿ ಕೀಮೋ ಗುಂಪಿನಲ್ಲಿ 100ಕ್ಕೆ ಸುಮಾರು 5, ರೇಡಿಯೇಷನ್ ಗುಂಪಿನಲ್ಲಿ 4 ಜನರಿಗೆ ಮರುಕಳಿಸಿತು. ಫಲ ಹೆಚ್ಚುಕಡಿಮೆ ಸಮ. ಆದರೆ ವಿಕಿರಣ ತಾಗಿದ ಭಾಗದಲ್ಲಿ ಹತ್ತಿಪ್ಪತ್ತು ವರ್ಷದ ಮೇಲೆ ಬೇರೆ ಕ್ಯಾನ್ಸರ್ ಹುಟ್ಟುವ ಅಪಾಯ ಸ್ವಲ್ಪ ಹೆಚ್ಚುತ್ತದೆ. ರೋಗಿಗಳು ಬಹುಪಾಲು 15ರಿಂದ 40ರ ವಯಸ್ಸಿನವರು. ಮುಂದೆ ಅರ್ಧ ಶತಮಾನ ಬದುಕಬೇಕಾದವರು. ಅದಕ್ಕೇ ಈಗ ಇದನ್ನು ಮೊದಲಿನಷ್ಟು ಬಳಸುವುದಿಲ್ಲ.

ಹೊಟ್ಟೆಯ ಗ್ರಂಥಿಗಳನ್ನು ತೆಗೆಯುವ ಆಪರೇಷನ್

ನಾನ್‌ಸೆಮಿನೋಮಾದವರ ಮುಂದೆ ಮೂರನೆಯ ದಾರಿಯೂ ಇರಬಹುದು. ಬೆನ್ನುಮೂಳೆಯ ಮುಂದಿನ ಆ ಗ್ರಂಥಿಗಳನ್ನೇ ಆಪರೇಷನ್ ಮಾಡಿ ತೆಗೆದು, ಒಳಗೆ ಕ್ಯಾನ್ಸರ್ ಇತ್ತಾ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದು ದೊಡ್ಡ ಆಪರೇಷನ್. ಅಲ್ಲಿ ವೀರ್ಯವನ್ನು ಹೊರಕ್ಕೆ ತಳ್ಳುವ ನರಗಳು ಹಾದುಹೋಗುತ್ತವೆ. ಅವಕ್ಕೆ ಪೆಟ್ಟಾದರೆ ಸುಖದ ಅನುಭವ ಇದ್ದರೂ ವೀರ್ಯ ಹೊರಬರದೆ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ. ನರಗಳನ್ನು ಉಳಿಸಿ ಮಾಡುವ ವಿಧಾನ ಇದೆ. ಪಳಗಿದ ಕೈಯಲ್ಲಿ ಹೆಚ್ಚಿನವರಿಗೆ ಈ ತೊಂದರೆ ಬರುವುದಿಲ್ಲ. ಹಾಗಾಗಿ ಇದನ್ನು ಆಗಾಗ ಮಾಡುವ ತಂಡದ ಹತ್ತಿರವೇ ಮಾಡಿಸಬೇಕು. "ವರ್ಷಕ್ಕೆ ಎಷ್ಟು ಮಾಡುತ್ತೀರಿ?" ಎಂದು ಕೇಳಲು ಸಂಕೋಚ ಬೇಡ.

ಇದಕ್ಕೆ ಒಂದು ವಿಶೇಷ ಜಾಗ ಇದೆ. ಟೆರಟೋಮಾ ಎಂಬ ಬಗೆ ಕೀಮೋಗೂ ರೇಡಿಯೇಷನ್‌ಗೂ ಬಗ್ಗುವುದಿಲ್ಲ, ಅದನ್ನು ಕತ್ತರಿಸಿಯೇ ತೆಗೆಯಬೇಕು. ಗೆಡ್ಡೆಯಲ್ಲಿ ಅದೇ ಹೆಚ್ಚಿದ್ದರೆ ಈ ಮಾತು ಮುಂದೆ ಬರುತ್ತದೆ.

ರಿಪೋರ್ಟ್‌ನಲ್ಲಿ ಏನು ನೋಡಬೇಕು?

ಸೆಮಿನೋಮಾದಲ್ಲಿ ಎರಡು ಸುಳಿವು. ಗೆಡ್ಡೆ 4 ಸೆಂಟಿಮೀಟರಿಗಿಂತ ದೊಡ್ಡದಿತ್ತಾ? ವೃಷಣದಿಂದ ವೀರ್ಯಾಣು ಹೊರಹೋಗುವ ಬಲೆಯಂಥ ಭಾಗ ಒಂದಿದೆ, ರೀಟೆ ಟೆಸ್ಟಿಸ್ ಎನ್ನುತ್ತಾರೆ, ಅದಕ್ಕೆ ಹಬ್ಬಿತ್ತಾ? ಎರಡೂ ಇಲ್ಲ ಅಂದರೆ ಮರುಕಳಿಸುವ ಸಾಧ್ಯತೆ ಸರಾಸರಿಗಿಂತ ಬಹಳ ಕಡಿಮೆ. ಎರಡೂ ಇದ್ದರೆ ಜಾಸ್ತಿ. ಆದರೂ ಹೆಚ್ಚು ಅಪಾಯದ ಸೆಮಿನೋಮಾದವರಲ್ಲೂ ಬಹುಪಾಲು ಜನರಿಗೆ ಮರುಕಳಿಸುವುದಿಲ್ಲ. ಸೆಮಿನೋಮಾದಲ್ಲಿ ಇಂದಿನ ಎಷ್ಟೋ ವೈದ್ಯಕೀಯ ಮಾರ್ಗಸೂಚಿಗಳು ಕಣ್ಗಾವಲನ್ನೇ ಮೊದಲ ಆಯ್ಕೆಯಾಗಿ ಮುಂದಿಡುವುದು ಇದಕ್ಕೇ.

ನಾನ್‌ಸೆಮಿನೋಮಾದಲ್ಲಿ ಎಲ್ಲಕ್ಕಿಂತ ಮುಖ್ಯ ಮೇಲೆ ಹೇಳಿದ ನಾಳದ ವಿಷಯ. ರಿಪೋರ್ಟ್‌ನಲ್ಲಿ ಲಿಂಫೋವ್ಯಾಸ್ಕ್ಯುಲರ್ ಇನ್ವೇಷನ್ ಎಂದಿರುತ್ತದೆ, ಇದೆ ಅಥವಾ ಇಲ್ಲ. ಎಂಬ್ರಿಯೋನಲ್ ಕಾರ್ಸಿನೋಮಾ ಹೆಚ್ಚಿನ ಪಾಲು ಇದ್ದರೂ ಅಪಾಯ ಏರುತ್ತದೆ. ಒಂದು ಸಾಲಿನ ಈ "ಇದೆ, ಇಲ್ಲ" ಮೇಲೆ 15ಕ್ಕೂ 50ಕ್ಕೂ ಇರುವ ವ್ಯತ್ಯಾಸ ನಿಂತಿದೆ. ಆದ್ದರಿಂದ ಈ ಗೆಡ್ಡೆಗಳನ್ನು ಹೆಚ್ಚಾಗಿ ನೋಡುವ ಪೆಥಾಲಜಿ ತಜ್ಞರಿಂದ ಅದೇ ಗಾಜಿನ ಸ್ಲೈಡ್‌ಗಳನ್ನು ಇನ್ನೊಮ್ಮೆ ಓದಿಸುವುದು ತುಂಬಾ ಉಪಯೋಗದ ಕೆಲಸ. ಇದಕ್ಕೆ ಹೊಸ ಆಪರೇಷನ್ ಏನೂ ಬೇಡ. ನನ್ನ ಕೇಳಿದರೆ ಯಾವ ತೀರ್ಮಾನಕ್ಕೂ ಮೊದಲು ಇದನ್ನೇ ಮಾಡಿಸಬೇಕು.

ಮಕ್ಕಳಾಗುವುದು, ಹಾರ್ಮೋನು

ಉಳಿದ ಒಂದು ವೃಷಣ ಆರೋಗ್ಯವಾಗಿದ್ದರೆ ಹೆಚ್ಚಿನವರಿಗೆ ಗಂಡಸಿನ ಹಾರ್ಮೋನಿಗೂ ಮಕ್ಕಳಿಗೂ ಅದು ಸಾಕು. ಆದರೂ ಈ ಕ್ಯಾನ್ಸರ್ ಬಂದವರಲ್ಲಿ ಆಪರೇಷನ್‌ಗೆ ಮೊದಲೇ ವೀರ್ಯಾಣು ಕಡಿಮೆ ಇರುವುದುಂಟು. ಕೀಮೋ ಅಥವಾ ರೇಡಿಯೇಷನ್ ಶುರುವಾಗುವ ಮೊದಲು, ಹೊಟ್ಟೆಯ ಗ್ರಂಥಿ ತೆಗೆಸುವ ಮೊದಲು, ವೀರ್ಯವನ್ನು ಶೈತ್ಯದಲ್ಲಿ ಕಾಪಿಡುವ ಬಗ್ಗೆ ಮಾತಾಡಲೇಬೇಕು. ಮದುವೆಯಾಗಿಲ್ಲ, ಈಗ ಮಕ್ಕಳ ಯೋಚನೆ ಇಲ್ಲ ಎಂದು ಇಪ್ಪತ್ತರ ಹುಡುಗರು ನಾಚಿಕೊಂಡು ಬಿಟ್ಟುಬಿಡುತ್ತಾರೆ. ಅಪ್ಪ ಅಮ್ಮನ ಎದುರಿಗೆ ಕೇಳಲು ಕಷ್ಟ ಅನ್ನಿಸಿದರೆ ಡಾಕ್ಟರ ಜೊತೆ ಒಬ್ಬರೇ ಐದು ನಿಮಿಷ ಮಾತಾಡಿ. ಕೀಮೋ ಮುಗಿದ ಮೇಲೆ ಕೆಲವು ತಿಂಗಳಿಂದ ಒಂದು ವರ್ಷದವರೆಗೆ ಗರ್ಭ ನಿಲ್ಲದಂತೆ ನೋಡಿಕೊಳ್ಳಲು ಹೇಳುತ್ತಾರೆ.

ಕೆಲವರಿಗೆ ಟೆಸ್ಟೋಸ್ಟೆರೋನ್ ಇಳಿಯುತ್ತದೆ. ಸದಾ ಸುಸ್ತು, ಮನಸ್ಸು ಮಂಕು, ಲೈಂಗಿಕ ಆಸಕ್ತಿ ಕುಗ್ಗುವುದು ಇದರ ಗುರುತು. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುತ್ತದೆ, ಅದಕ್ಕೆ ಮದ್ದೂ ಇದೆ.

ತೀರ್ಮಾನ ಹೇಗೆ?

ಮೊದಲು, ಅವಸರ ಬೇಡ. ಮಾರ್ಕರ್‌ಗಳು ಇಳಿದು ಸ್ಕ್ಯಾನ್ ಶುದ್ಧವಿದ್ದರೆ ಯೋಚಿಸಲು, ಎರಡನೇ ಅಭಿಪ್ರಾಯ ಪಡೆಯಲು ಕೆಲವು ವಾರ ಸಮಯ ಇರುತ್ತದೆ. ಎಷ್ಟು ಸಮಯ ಎಂದು ನಿಮ್ಮ ಡಾಕ್ಟರನ್ನೇ ಕೇಳಿ.

ಆಮೇಲೆ ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಎರಡರಲ್ಲಿ ಯಾವುದು ನಿಮಗೆ ಹೆಚ್ಚು ನೋವು ಕೊಡುತ್ತದೆ? ಕ್ಯಾನ್ಸರ್ ಮರಳಿ ಬಂದು, "ಅಂದೇ ಔಷಧಿ ತಗೊಂಡಿದ್ದರೆ" ಅನ್ನಿಸುವುದಾ? ಅಥವಾ ಹತ್ತು ವರ್ಷದ ಮೇಲೆ ಕಿವಿ ಗುಂಯ್‌ಗುಡುತ್ತಿರುವಾಗ "ಬಹುಶಃ ಬೇಡದ ಔಷಧಿ ತಗೊಂಡೆ" ಅನ್ನಿಸುವುದಾ? ಸಂಗೀತಗಾರನಿಗೆ ಕಿವಿ ದೊಡ್ಡದು. ಬೆರಳ ನಾಜೂಕಿನಿಂದ ಕೆಲಸ ಮಾಡುವವನಿಗೆ ಜೋಮು ದೊಡ್ಡದು. ಮುಂದಿನ ತಿಂಗಳು ಪರೀಕ್ಷೆ ಇರುವ ವಿದ್ಯಾರ್ಥಿಗೆ ಮೂರು ವಾರವೇ ದೊಡ್ಡದು. ಮನಸ್ಸಿನ ನೆಮ್ಮದಿಯೇ ದೊಡ್ಡದು ಅನ್ನುವವರೂ ಇದ್ದಾರೆ, ಅವರು ಒಂದು ಸುತ್ತು ಕೀಮೋ ತೆಗೆದುಕೊಂಡು ನೆಮ್ಮದಿಯಾಗಿದ್ದರೆ ಅದೂ ಸರಿಯಾದ ಆಯ್ಕೆಯೇ.

ಒಂದು ಕಡೆ ಮಾತ್ರ ನಿಷ್ಠುರವಾಗಿ ಯೋಚಿಸಬೇಕು. ಕಣ್ಗಾವಲಿನ 99ರ ಲೆಕ್ಕ ತಪ್ಪದೆ ಚೆಕಪ್‌ಗೆ ಹೋಗುವವರದು. ತಿಂಗಳುಗಟ್ಟಲೆ ದೂರದಲ್ಲಿ ಕೆಲಸ ಮಾಡುವವರು, ಸ್ಕ್ಯಾನ್ ಸೌಲಭ್ಯ ಕೈಗೆ ಸಿಗದವರು, "ಆರಾಮಾಗಿದ್ದೀನಲ್ಲ" ಎಂದು ಎರಡನೇ ವರ್ಷಕ್ಕೇ ಕೈಬಿಡುವ ಸ್ವಭಾವದವರು ಇದನ್ನು ಡಾಕ್ಟರ ಹತ್ತಿರ ಮುಚ್ಚಿಡಬಾರದು. ಕೆಲಸ, ಪ್ರಯಾಣ, ಮನೆಯ ಪರಿಸ್ಥಿತಿ ಎಲ್ಲವೂ ಅವರಿಗೆ ಬೇಕಾದ ಮಾಹಿತಿ. ಅದು ತಿಳಿದರೆ ಅವರ ಸಲಹೆಯೇ ಬದಲಾಗಬಹುದು. ಚೆಕಪ್ ತಪ್ಪಿಹೋದವರೂ ಬೈಸಿಕೊಳ್ಳುವ ಭಯಕ್ಕೆ ದೂರ ಉಳಿಯದೆ ಮಾರನೇ ದಿನವೇ ಹೋಗಲಿ.

ಆಮೇಲಿನ ವರ್ಷಗಳು

ಯಾವ ದಾರಿ ಹಿಡಿದವರೂ ಉಳಿದ ವೃಷಣವನ್ನು ತಿಂಗಳಿಗೊಮ್ಮೆ, ಬಿಸಿನೀರಿನ ಸ್ನಾನದ ಹೊತ್ತಿನಲ್ಲಿ, ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿಕೊಳ್ಳಬೇಕು. 100ರಲ್ಲಿ ಒಬ್ಬಿಬ್ಬರಿಗೆ ವರ್ಷಗಳ ಮೇಲೆ ಅಲ್ಲೂ ಹೊಸ ಗೆಡ್ಡೆ ಬರುವುದುಂಟು. ಗಟ್ಟಿ ಗಂಟು, ಊತ, ಭಾರ ಕಂಡರೆ ತೋರಿಸಬೇಕು. ಬಿಡದ ಬೆನ್ನುನೋವು, ಕತ್ತಿನಲ್ಲಿ ಗಡ್ಡೆ, ಉಸಿರು ಕಟ್ಟುವುದು, ಮೊಲೆತೊಟ್ಟಿನ ಸುತ್ತ ನೋವು ಅಥವಾ ಊತ ಬಂದರೆ ಮುಂದಿನ ಚೆಕಪ್ ದಿನಕ್ಕೆ ಕಾಯಬಾರದು.

ಕೀಮೋ ಪಡೆದವರು ಬಿಪಿ, ಕೊಲೆಸ್ಟ್ರಾಲ್, ತೂಕದ ಮೇಲೆ ಬೇರೆಯವರಿಗಿಂತ ಹೆಚ್ಚು ನಿಗಾ ಇಡಬೇಕು, ಸಿಸ್‌ಪ್ಲಾಟಿನ್ ಮುಂದೆ ಹೃದಯದ ಕಾಯಿಲೆಯ ಅಪಾಯವನ್ನು ಸ್ವಲ್ಪ ಏರಿಸುತ್ತದೆ. ಸಿಗರೇಟು ಸೇದುತ್ತಿದ್ದರೆ ಬಿಡಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಬ್ಲಿಯೋಮೈಸಿನ್ ಪಡೆದವರು ಮುಂದೆ ಯಾವ ಆಪರೇಷನ್‌ಗೆ ಹೋದರೂ, ಅದು ಹಲ್ಲಿನದ್ದಾಗಲಿ ಮಂಡಿಯದ್ದಾಗಲಿ, ಅರಿವಳಿಕೆ ಕೊಡುವ ಡಾಕ್ಟರಿಗೆ ಆ ಹೆಸರನ್ನು ಹೇಳಬೇಕು. ಆಪರೇಷನ್ ಹೊತ್ತಿನಲ್ಲಿ ಹೆಚ್ಚು ಆಮ್ಲಜನಕ ಕೊಟ್ಟರೆ ಅಂಥವರ ಶ್ವಾಸಕೋಶಕ್ಕೆ ತೊಂದರೆಯಾಗಬಹುದು. ಔಷಧಿಗಳ ಹೆಸರು, ಎಷ್ಟು ಸುತ್ತು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು, ಅದರ ಫೋಟೋ ಫೋನಿನಲ್ಲಿ ಇಟ್ಟುಕೊಳ್ಳಿ, ಇನ್ನೊಂದು ಪ್ರತಿ ಮನೆಯವರ ಹತ್ತಿರ ಇರಲಿ.